ಅವ್ವನ ಏಳು ಹಲ್ಲು ಫಿನ್ಲೆಂಡಿಗೆ ಹೋದದ್ದು

ಬೆಂಗಳೂರಿನ ತಪಾಸಣೆ

"ಇವು ಯಾರ ಹಲ್ರೀ?"

ವಿಮಾನ ನಿಲ್ದಾಣದಲ್ಲಿ ಇಂಥ ಪ್ರಶ್ನೆಗೆ ಉತ್ತರ ಕೊಟ್ಟವರು ಬಳ್ಳಾರಿ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ನನ್ನ ಕೈಚೀಲ ಎಕ್ಸ್‌ರೇ ಯಂತ್ರದೊಳಗೆ ಹೋದದ್ದು ಹೋಯಿತು, ಹೊರಗೆ ಬರಲೊಲ್ಲದು. ಯಂತ್ರದ ಹಿಂದೆ ಕೂತಿದ್ದ ಹುಡುಗಿ ಪರದೆಯನ್ನೂ ನನ್ನನ್ನೂ ಎರಡೆರಡು ಸಲ ನೋಡಿ ಚೀಲ ಬಿಚ್ಚಲು ಹೇಳಿದಳು. ನನ್ನ ಅದೃಷ್ಟಕ್ಕೆ ಆಕೆ ರಾಯಚೂರಿನ ಕಡೆಯವಳು. ನಾನು ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಕೆಳಗೆ ಕಪ್ಪು ಕಬ್ಬಿಣ, ಮೇಲೆ ಹಳದಿ ಹಿತ್ತಾಳೆಯ ಮುಚ್ಚಳ, ದೊಡ್ಡ ಎಲೆಅಡಿಕೆ ಡಬ್ಬಿಯ ಹಾಗೆ ಕಾಣುತ್ತದೆ. ಮುಚ್ಚಳ ತಿರುಗಿಸಿ ಎತ್ತಿದೆ. ಒಳಗೆ ವಸಡಿನ ಬಣ್ಣದ ಮೇಣದಲ್ಲಿ ಕೂತ ಏಳು ಕಂಚಿನ ಹಲ್ಲುಗಳು, ಒಂದೊಂದು ಒಂದೊಂದು ದಿಕ್ಕಿಗೆ ವಾಲಿಕೊಂಡು.

"ನಮ್ಮ ಅವ್ವನವು" ಎಂದೆ.

ಆಕೆಯ ಮುಖ ಸಣ್ಣದಾಯಿತು. "ಯಾವಾಗ ಹೋದ್ರು?"

"ಎಲ್ಲಿ ಹೋಗ್ತಾಳ್ರಿ, ಹಚ್ಚೊಳ್ಳಿಯಾಗ ಅಣ್ಣನ ಮನ್ಯಾಗ ಅದಾಳ. ಮುಂಜಾನಿ ಫೋನ್ ಮಾಡಿದ್ಲು, ಚಳಿಗಿ ತಲಿ ಕಟ್ಟಿಗೆಂಡು ಹೋಗು ಅಂತ."

ಹುಡುಗಿ ನಕ್ಕು ಚೀಲ ಬಿಟ್ಟುಕೊಟ್ಟಳು. ಮುಚ್ಚಳ ವಾಪಸು ಹಾಕುವಾಗ ಅದು ಬಳ್ಳಾರಿಗಿಂತ ಒಂದು ಎಳೆ ಬಿಗಿ ಅನ್ನಿಸಿತು. ಎಂಥಾ ಫಿಟಿಂಗು ಮಾಡಿದೀನಿ ನೋಡು ಎಂದು ಒಳಗೊಳಗೇ ಹಿಗ್ಗಿದೆ. ಆ ಹಿಗ್ಗಿಗೆ ಫಿನ್ಲೆಂಡಿನಲ್ಲಿ ಎರಡು ದಿನ ಅನುಭವಿಸಿದೆ.

ಬಳ್ಳಾರಿ, ಹೊರಡುವ ಮೊದಲು

ಹಲ್ಲಿನ ವಿಷಯ ಹೇಳದೆ ಮುಂದೆ ಹೋದರೆ ನಿಮಗೆ ಕಥೆ ಹತ್ತುವುದಿಲ್ಲ.

ಬಳ್ಳಾರಿಯ ಒಂದು ಹಲ್ಲಿನ ಲ್ಯಾಬಿನಲ್ಲಿ ನಾನು ಹತ್ತೊಂಬತ್ತು ವರ್ಷ ಹಲ್ಲು ಮಾಡಿದೆ. ಡಾಕ್ಟರು ರೋಗಿಯ ಬಾಯಿಂದ ಅಚ್ಚು ತೆಗೆದು ಕಳಿಸುತ್ತಾರೆ. ನಾವು ಅದರ ಮೇಲೆ ಮೇಣದಲ್ಲಿ ಹಲ್ಲು ತಿದ್ದಿ, ಮೇಣ ಕರಗಿಸಿ, ಆ ಖಾಲಿ ಜಾಗಕ್ಕೆ ಲೋಹ ಎರೆದು, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತೇವೆ. ಸಿರುಗುಪ್ಪದ ದವಾಖಾನೆಗಳಿಗೂ ನಮ್ಮ ಲ್ಯಾಬಿನಿಂದಲೇ ಬಸ್ಸಿನಲ್ಲಿ ಹಲ್ಲು ಹೋಗುತ್ತಿತ್ತು. ಈ ಕೆಲಸದಲ್ಲಿ ಸಂದು ಎನ್ನುವುದೇ ಶತ್ರು. ಕ್ಯಾಪಿಗೂ ಹಲ್ಲಿಗೂ ನಡುವೆ ಕೂದಲೆಳೆ ಸಂದು ಉಳಿದರೂ ಅಲ್ಲಿ ಅನ್ನ ಸಿಕ್ಕಿ, ಕೊಳೆತು, ರೋಗಿ ಬೈದು, ಡಾಕ್ಟರು ನಮ್ಮನ್ನು ಬೈಯುತ್ತಾರೆ. ಸಂದು ಕಣ್ಣಿಗೆ ಕಾಣುವುದಿಲ್ಲ, ಉಗುರಿನಿಂದ ಸವರಿ ನೋಡಬೇಕು. ಈಗಲೂ ನಾನು ಯಾರ ಮನೆಗೆ ಹೋದರೂ ಲೋಟದ ಅಂಚನ್ನು ಉಗುರಿನಿಂದ ಸವರುತ್ತೇನೆ. ಲೋಟ ತೊಳೆದಿಲ್ಲವೇನೋ ಎಂದು ಪಾಪ, ಅವರು ಬೇರೆ ಲೋಟ ತರುತ್ತಾರೆ.

ಹತ್ತೊಂಬತ್ತು ವರ್ಷದಲ್ಲಿ ಒಬ್ಬರೂ ಈ ಹಲ್ಲು ಮಾಡಿದವರು ಯಾರು ಎಂದು ಕೇಳಲಿಲ್ಲ. ಹೆಸರು ಹೋಗುವುದು ಡಾಕ್ಟರಿಗೆ. ಅದು ಸರಿಯೂ ಹೌದು, ಬಾಯಿಗೆ ಕೈ ಹಾಕುವವರು ಅವರು. ಆದರೂ ಒಮ್ಮೆ ಒಬ್ಬರು ಕೇಳಿಬಿಟ್ಟರು.

ಅವರು ಕುರುಗೋಡಿನ ಮೌನೇಶ ತಾತ. ಗಂಟೆ, ಕೊಡ, ದೀಪ, ಕಳಸ, ಏನು ಬೇಕಾದರೂ ಎರೆಯುವ ಕಂಚುಗಾರರು. ಲೋಹದ ಪಟ್ಟಿಯ ಹಲ್ಲುಸೆಟ್ಟು ಹಾಕಿಸಿಕೊಳ್ಳಲು ಬಂದವರು ಡಾಕ್ಟರ ಕುರ್ಚಿಯಲ್ಲಿ ಕೂತು, ಪಟ್ಟಿಯನ್ನು ಬಾಯಿಗೆ ಇಟ್ಟುಕೊಳ್ಳುವ ಮೊದಲು ಬೆಳಕಿಗೆ ಹಿಡಿದು ನೋಡಿ, "ಇದನ್ನ ಎರದವ್ರು ಯಾರು?" ಎಂದು ಕೇಳಿದರಂತೆ. ಡಾಕ್ಟರು ಲ್ಯಾಬಿನ ಬಾಗಿಲು ತೋರಿಸಿದರು. ತಾತ ಬೊಚ್ಚುಬಾಯಲ್ಲೇ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಇಷ್ಟು ತೆಳುವಾಗಿ ಎರಿಯಾಕ ಬರತೈತಿ ನಿನಗ. ಮತ್ತ ಬರೇ ಬಾಯಾಗ ಮುಚ್ಚಿಡೋ ಸಾಮಾನೇ ಮಾಡ್ತಿ ಏನಮ್ಮ?"

ಅಂದು ಸಂಜೆ ಮನೆಗೆ ಹೋಗಿ ಅತ್ತೆ. ಯಾಕೆಂದು ನಮ್ಮ ಯಜಮಾನರು ಕೇಳಿದರೆ ಹೇಳಲು ಬರಲಿಲ್ಲ. ಮುಂದಿನ ಭಾನುವಾರ ಕುರುಗೋಡಿನ ಬಸ್ಸು ಹತ್ತಿದೆ. ನಾಲ್ಕು ವರ್ಷ ಭಾನುವಾರಗಳೆಲ್ಲ ತಾತನ ಎರಕದ ಕೊಟ್ಟಿಗೆಯಲ್ಲೇ ಕಳೆದವು. ತಾತ ನನ್ನನ್ನು ಎಲ್ಲರಿಗೂ "ಹಲ್ಲಿನಮ್ಮ" ಎಂದೇ ಪರಿಚಯ ಮಾಡಿಸುತ್ತಿದ್ದರು. ನನಗೆ ಅದು ಸಣ್ಣಗೆ ಚುಚ್ಚುತ್ತಿತ್ತು. ಅವರ ತಕರಾರು ಯಾವಾಗಲೂ ಒಂದೇ: "ಸಂದು ಬಿಡಮ್ಮ. ಇದು ಕೈಯಾಗ ಹಿಡಿಯಾ ಸಾಮಾನು, ಬಾಯಾಗ ಇಡಾದಲ್ಲ. ಸಂದು ಇಲ್ಲಂದ್ರ ಅದು ಮುಚ್ಚಳ ಅಲ್ಲ, ಬೆಸುಗಿ." ನಾನು ಹೂಂ ಎಂದು ಹೇಳಿ ಸಂದಿಲ್ಲದ ಹಾಗೆ ಉಜ್ಜುತ್ತಿದ್ದೆ. ಮನಸ್ಸಿನಲ್ಲಿ, ಪಾಪ ತಾತನಿಗೆ ಕಣ್ಣು ಮಂಜು, ಅದಕ್ಕೇ ಹೀಗೆ ಹೇಳುತ್ತಾರೆ ಅಂದುಕೊಳ್ಳುತ್ತಿದ್ದೆ.

ಹೋದ ವರ್ಷ ಲ್ಯಾಬು ಬಿಟ್ಟೆ. ಬಿಟ್ಟು ಮೊದಲು ಮಾಡಿದ್ದು ಈ ಡಬ್ಬಿ. ಅವ್ವನ ಕೆಳಗಿನ ಹಲ್ಲುಗಳನ್ನೆಲ್ಲ ಕೀಳಿಸುವ ಮೊದಲು ತೆಗೆದ ಅಚ್ಚು ನನ್ನ ಹತ್ತಿರ ಇತ್ತು. ಆಗ ಆಕೆಗೆ ಉಳಿದಿದ್ದವು ಏಳು. ಜೋಳದ ರೊಟ್ಟಿ, ಎಲೆ, ಅಡಿಕೆ, ಸುಣ್ಣ ಎಲ್ಲವನ್ನೂ ಅರೆದು ಅರೆದು ಸವೆದವು. ಅವನ್ನು ಹಾಗೆಯೇ, ಒಂದು ಗೀರೂ ತಿದ್ದದೆ, ಕಂಚಿನಲ್ಲಿ ಎರೆದೆ. ಡಬ್ಬಿಯ ಕಬ್ಬಿಣ ನಮ್ಮ ಹಚ್ಚೊಳ್ಳಿ ಮನೆಯ ಹಳೆಯ ಬಂಡಿಗಾಲಿಯ ಪಟ್ಟಿಯದು. ಅವ್ವನಿಗೆ ತೋರಿಸಿದೆ.

"ಸತ್ತವ್ರ ಫೋಟೋ ಗ್ವಾಡಿಗಿ ಹಾಕಾದು ಕಂಡೀನಿ" ಅಂದಳು ಅವ್ವ. "ಬದುಕಿದ್ದಾಕಿ ಹಲ್ಲು ಡಬ್ಬ್ಯಾಗ ಇಟ್ಟು ಊರೂರು ತಿರುಗಾದು ನಿನ್ನ ಕೈಲೇ ಕಂಡೆ ನೋಡವ್ವ."

ಊರೂರಲ್ಲ, ದೇಶ. ಫಿನ್ಲೆಂಡಿನ ಒಂದು ಸಣ್ಣ ಊರಿನಲ್ಲಿ, ಬೇರೆ ಬೇರೆ ಕೆಲಸ ಬಿಟ್ಟು ಲೋಹಕ್ಕೆ ಬಂದವರ ಪ್ರದರ್ಶನ ಮಾಡುತ್ತೇವೆ ಎಂದು ಕರೆ ಬಂದಿತ್ತು. ಫೋಟೋ ಕಳಿಸಿದ್ದೆ, ಒಪ್ಪಿಬಿಟ್ಟರು. ಅವರದ್ದು ಒಂದೇ ನಿಯಮ: ನೋಡಲು ಬಂದವರು ವಸ್ತುವನ್ನು ಕೈಯಲ್ಲಿ ಹಿಡಿದು, ತೆರೆದು, ಮುಚ್ಚಿ ನೋಡಬೇಕು. ಗಾಜಿನೊಳಗೆ ಇಡುವಂತಿಲ್ಲ. ಕೈಗೆ ಒಗ್ಗದ್ದು ಪ್ರದರ್ಶನಕ್ಕಿಲ್ಲ.

ಹೊರಡುವ ಮುಂಚೆ ನಮ್ಮ ಲ್ಯಾಬಿನ ಡಾಕ್ಟರ್ ಸಾಹೇಬರಿಗೆ ನಮಸ್ಕಾರ ಹೇಳಲು ಹೋದೆ. ಅವರು, "ರತ್ನಮ್ಮ, ಧೈರ್ಯದಿಂದ ಹೋಗಿ ಬರ್ರಿ. ಲ್ಯಾಬಿನಾಗ ನಿಮ್ಮ ಸ್ಟೂಲು ಖಾಲಿ ಐತಿ. ಅಲ್ಲಿ ಏನಾರ ಹೆಚ್ಚುಕಮ್ಮಿ ಆದ್ರ ಬಂದು ಕುಂದರ್ರಿ" ಎಂದರು. ಆ ಮಾತು ಕೇಳಿ ನೆಮ್ಮದಿಯೂ ಆಯಿತು, ಅಳುಕೂ ಆಯಿತು. ಬಸ್ಸಿನಲ್ಲಿ ಕೂತು ನನಗೆ ನಾನೇ ಮಾತು ಕೊಟ್ಟುಕೊಂಡೆ: ಈ ಡಬ್ಬಿ ಅಲ್ಲಿ ನಾಲ್ಕು ಜನರ ಕೈಯಲ್ಲಿ ನಿಂತರೆ ನಾನು ಕಂಚುಗಾರಳು. ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಸ್ಟೂಲಿಗೆ ವಾಪಸು.

ಹೆಲ್ಸಿಂಕಿ

ಇಳಿದಾಗ ಏಪ್ರಿಲ್ ತಿಂಗಳ ಬೆಳಿಗ್ಗೆ. ಬಳ್ಳಾರಿಯಲ್ಲಿ ನಾವು ಹನ್ನೊಂದು ಗಂಟೆಗೆ ಕಿಟಕಿ ಮುಚ್ಚಿ ಒದ್ದೆ ಬಟ್ಟೆ ಇಳಿಬಿಡುವ ಕಾಲ. ಇಲ್ಲಿ ರಸ್ತೆಯ ಮಗ್ಗುಲಲ್ಲಿ ಹಿಮ ಕೊಳೆಯಾಗಿ ಬಿದ್ದಿತ್ತು. ಅವ್ವ ಹೇಳಿದಂತೆ ತಲೆ ಕಟ್ಟಿಕೊಂಡೆ.

ಬಸ್ ನಿಲ್ದಾಣದಲ್ಲಿ ಆರು ಜನ ನಿಂತಿದ್ದರು. ಒಬ್ಬರಿಂದ ಒಬ್ಬರಿಗೆ ಒಂದು ಎಮ್ಮೆ ಅಡ್ಡ ನಿಲ್ಲುವಷ್ಟು ದೂರ. ಜಗಳವಾಡಿರಬೇಕು ಅಂದುಕೊಂಡು ನಾನು ಸ್ನೇಹದಿಂದ ಒಬ್ಬಾಕೆಯ ಪಕ್ಕ ಹೋಗಿ ನಿಂತೆ. ಆಕೆ ಒಂದು ಹೆಜ್ಜೆ ಸರಿದಳು. ಮತ್ತೆ ನಾನು ಸರಿದೆ. ಆಕೆ ಮತ್ತೆ ಸರಿದಳು. ಹೀಗೆ ಇಬ್ಬರೂ ನಿಲ್ದಾಣದ ನೆರಳು ದಾಟಿ ಹೊರಗೆ ಬಂದೆವು. ಸಿರುಗುಪ್ಪದ ಬಸ್ಸಿಗೆ ಕಿಟಕಿಯಿಂದ ಕರ್ಚೀಫು ಒಗೆದು ಸೀಟು ಹಿಡಿದು ಬೆಳೆದವಳು ನಾನು. ಬಸ್ಸು ಬಂದಾಗ ಒಬ್ಬರೂ ನುಗ್ಗಲಿಲ್ಲ. ನುಗ್ಗದೆ ಸೀಟು ಸಿಕ್ಕಿದ್ದು ನನಗೆ ಯಾಕೋ ಸಮಾಧಾನ ಕೊಡಲಿಲ್ಲ.

ಇನ್ನೊಂದು ವಿಚಿತ್ರ ಕಂಡೆ. ನಮ್ಮಲ್ಲಿ ಜನ ಗೋಡೆಯ ನೆರಳು ಹುಡುಕಿಕೊಂಡು ನಡೆಯುತ್ತಾರೆ. ಇಲ್ಲಿ ಎಲ್ಲಿ ಅಂಗೈಯಗಲ ಬಿಸಿಲು ಬಿದ್ದಿದೆಯೋ ಅಲ್ಲಿ ಜನ ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಮುಖ ಎತ್ತಿ ನಿಂತಿರುತ್ತಾರೆ. ದೇವರಿಗೆ ಕೈಮುಗಿಯುತ್ತಿದ್ದಾರೇನೋ ಎಂದು ನಾನು ಸದ್ದಿಲ್ಲದೆ ದಾಟಿ ಹೋದೆ. ನಮ್ಮೂರಲ್ಲಿ ನಾವು ಬೈದು ಬಿಸಾಡುವ ಬಿಸಿಲು ಇವರಿಗೆ ಇಷ್ಟು ಮುದ್ದು.

ಕಬ್ಬಿಣದ ಊರು, ಗುರುವಾರ

ಪ್ರದರ್ಶನದ ಊರು ಹೆಲ್ಸಿಂಕಿಯಿಂದ ಎರಡು ತಾಸಿನ ದಾರಿ. ಹಳೆಯ ಕಾಲದಲ್ಲಿ ಅಲ್ಲಿ ಕಬ್ಬಿಣ ಕರಗಿಸುತ್ತಿದ್ದರಂತೆ. ಈಗ ಕುಲುಮೆಗಳು ತಣ್ಣಗಾಗಿ ಕಟ್ಟಡಗಳಲ್ಲಿ ಕುಶಲಕರ್ಮಿಗಳು ಇದ್ದಾರೆ. ಹೊಳೆ, ಬರ್ಚ್ ಮರ, ಕೆಂಪು ಇಟ್ಟಿಗೆ. ನೆಲ ಕೆಂಪಿಲ್ಲ, ಗಾಳಿಯಲ್ಲಿ ಅದಿರಿನ ಧೂಳಿಲ್ಲ. ಕಬ್ಬಿಣದ ಊರು ಇಷ್ಟು ಚೊಕ್ಕಟವಾಗಿರಲು ಸಾಧ್ಯ ಎಂದು ಬಳ್ಳಾರಿಯವಳಾದ ನನಗೆ ನಂಬಲು ಕಷ್ಟವಾಯಿತು.

ನನ್ನನ್ನು ಮನೆಯಲ್ಲಿ ಇಟ್ಟುಕೊಂಡವಳು ಐನೊ. ಪ್ರದರ್ಶನದ ಉಸ್ತುವಾರಿ ಅವಳದ್ದೇ. ಐವತ್ತೆಂಟು ವರ್ಷದ ಗಟ್ಟಿ ಹೆಂಗಸು. ಇಪ್ಪತ್ತೆರಡು ವರ್ಷ ಸಿಟಿ ಬಸ್ಸು ಓಡಿಸಿ, ಈಗ ತಾಮ್ರದ ತಂಬಿಗೆ ಬಡಿಯುತ್ತಾಳೆ. ಬಾಗಿಲಲ್ಲಿ ಚಪ್ಪಲಿ ಬಿಡಲು ಹೇಳಿದಾಗಲೇ ಅವಳು ನನಗೆ ಹತ್ತಿರದವಳು ಅನ್ನಿಸಿಬಿಟ್ಟಳು. ಮಾತು ಕಡಿಮೆ, ಕಾಫಿ ಬಹಳ. ನನ್ನ ಇಂಗ್ಲಿಷು ಡಾಕ್ಟರ ಚೀಟಿಗಳಿಂದ ಕಲಿತದ್ದು, ಅವಳದ್ದು ಪ್ರಯಾಣಿಕರಿಂದ ಕಲಿತದ್ದು. ಇಬ್ಬರಿಗೂ ಅಷ್ಟೇ ಸಾಕಾಯಿತು.

ಬುಧವಾರ ಬಂದವಳೇ ಡಬ್ಬಿಯನ್ನು ಪ್ರದರ್ಶನದ ಜಾಗದಲ್ಲಿ ಇಟ್ಟು ಬಂದಿದ್ದೆ. ಹಿಂದೆ ಇದ್ದಿಲು ತುಂಬುತ್ತಿದ್ದ ಕಲ್ಲಿನ ಉಗ್ರಾಣ ಅದು, ಒಳಗೆ ಬಿಸಿ ಮಾಡುವ ಯಾವ ವ್ಯವಸ್ಥೆಯೂ ಇಲ್ಲ. ಗುರುವಾರ ಬೆಳಿಗ್ಗೆ ಐನೊ ಒಂದೊಂದೇ ವಸ್ತು ಕೈಗೆತ್ತಿಕೊಂಡು ನೋಡುತ್ತ ಬಂದಳು. ನನ್ನ ಡಬ್ಬಿ ಹಿಡಿದಳು. ಮುಚ್ಚಳ ತಿರುಗಿಸಿದಳು. ಬರಲಿಲ್ಲ. ನನ್ನತ್ತ ನೋಡಿದಳು. ನಾನು ನಗುತ್ತ ಇಸಕೊಂಡು ತಿರುಗಿಸಿದೆ. ಅಲುಗಲಿಲ್ಲ. ಸೆರಗು ಸುತ್ತಿ ತಿರುಗಿಸಿದೆ. ತೊಡೆಗಳ ನಡುವೆ ಇಟ್ಟುಕೊಂಡು ತಿರುಗಿಸಿದೆ. ಹಿತ್ತಾಳೆ ಕಬ್ಬಿಣವನ್ನು ಕಚ್ಚಿ ಹಿಡಿದಿತ್ತು.

ಬಸ್ಸು ಓಡಿಸಿದ ಕೈ ಅವಳದ್ದು. ಅವಳೂ ಮತ್ತೆ ನೋಡಿದಳು. ಆಗಲಿಲ್ಲ.

"ಬಿಸಿ ಗಾಳಿಯ ಗನ್ನಿದೆ, ತರಲಾ?" ಎಂದಳು.

ಬೇಡವೆಂದೆ. ಒಂದೇ ಕಡೆ ಕಾದರೆ ಒಳಗಿನ ಮೇಣ ಕರಗಿ ಅವ್ವನ ಹಲ್ಲೆಲ್ಲ ಒಂದು ಮೂಲೆಗೆ ಬರುತ್ತವೆ. ಸುತ್ತಿಗೆಯಿಂದ ಬಡಿದರೆ ಮುಚ್ಚಳ ಸೊಟ್ಟಗಾಗುತ್ತದೆ. ಐನೊ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಬಹಳ ಮೆಲ್ಲಗೆ ಹೇಳಿದಳು: ಶನಿವಾರ ಹನ್ನೆರಡಕ್ಕೆ ಬಾಗಿಲು ತೆಗೆಯುತ್ತೇವೆ. ಅಷ್ಟರಲ್ಲಿ ಮುಚ್ಚಳ ಬರದಿದ್ದರೆ ಡಬ್ಬಿಯನ್ನು ಇಡಲಾಗದು, ನಿಯಮ ಎಲ್ಲರಿಗೂ ಒಂದೇ. ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ನಾನೂ ವಾಪಸು ರೇಗಬಹುದಿತ್ತು.

ಹೊಳೆಯ ದಂಡೆಯ ಬೆಂಚಿನ ಮೇಲೆ ಕೂತೆ. ಮಡಿಲಲ್ಲಿ ಡಬ್ಬಿ. ಸ್ಟೂಲು ಕಣ್ಣ ಮುಂದೆ ಬಂತು, ಅದರ ಹರಿದ ರೆಕ್ಸಿನ್ನು, ಅದರ ಪಕ್ಕದ ಟೇಬಲ್ ಲ್ಯಾಂಪು ಎಲ್ಲ ಸಮೇತ. ಹತ್ತೊಂಬತ್ತು ವರ್ಷ ಸಂದು ಮುಚ್ಚಿದ ಕೈ ಇದು, ಇಷ್ಟು ದೂರ ಬಂದೂ ಅದನ್ನೇ ಮಾಡಿತಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ. ಅಲ್ಲೇ ಕೂತು ಕುರುಗೋಡಿಗೆ ಫೋನ್ ಮಾಡಿದೆ.

ತಾತ ಎಲ್ಲ ಕೇಳಿಕೊಂಡರು. "ಅಲ್ಲಿ ಚಳಿ ಐತೇನು?" ಎಂದರು.

"ಐತಿ ತಾತ. ಉಗುಳಿದ್ರ ಹೆಪ್ಪುಗಟ್ಟತೈತಿ." ಇದು ಸುಳ್ಳು, ಅಷ್ಟೇನೂ ಇರಲಿಲ್ಲ.

"ನಿಮ್ಮೂರಾಗ ಬಂಡಿ ಗಾಲಿಗಿ ಪಟ್ಟಿ ಹಾಕಾದು ನೋಡಿಯೇನು?"

"ನೋಡೀನಿ."

"ಹೆಂಗ ಹಾಕ್ತಾರ?"

"ಪಟ್ಟಿ ಸುತ್ತ ಕುಳ್ಳು ಒಟ್ಟಿ ಬೆಂಕಿ ಹಾಕ್ತಾರ. ಕೆಂಪಗಾದ ಮ್ಯಾಲ ಗಾಲಿಗಿ ತೊಡಸಿ ನೀರು ಹಾಕ್ತಾರ. ಅದು ಮುದುರಿ…"

"ಹಾಂ" ಎಂದರು ತಾತ. "ಚಳಿಗಿ ಎಲ್ಲಾ ಲೋಹ ಮುದುರತೈತಿ. ಕಬ್ಬಣಕ್ಕಿಂತ ಹಿತ್ತಾಳಿ ಜಾಸ್ತಿ. ನಿನ್ನ ಕಬ್ಬಣ ಒಳಗ ಐತಿ, ಹಿತ್ತಾಳಿ ಹೊರಗ. ನಮ್ಮ ಬಿಸಲಾಗ ನಿಂತು ಸಂದು ಇಲ್ದಂಗ ಉಜ್ಜಿದಿ. ಅಲ್ಲಿ ಹೋಗಿ ಅದು ಪಟ್ಟಿ ಹಾಕಿದಂಗ ಕುಂತೈತಿ. ಬ್ಯಾರೆ ಯಾವ ಕಂಚುಗಾರನೂ ಈ ತಪ್ಪು ಮಾಡಂಗಿಲ್ಲ ಬಿಡು, ಯಾಕಂದ್ರ ಅವನಿಗಿ ಅಷ್ಟು ಬಿಗಿ ಉಜ್ಜಾಕೇ ಬರಂಗಿಲ್ಲ."

ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ. "ಈಗೇನ್ ಮಾಡ್ಲಿ ತಾತ?"

"ಏನೈತಿ? ಬಳ್ಳಾರಿ ಬಿಸಲಾಗ ಒಂದು ತಾಸು ಇಡು. ತಾನ ಬಿಡತೈತಿ."

ಫೋನು ಇಟ್ಟು ಆಕಾಶ ನೋಡಿದೆ. ಬೂದಿ ಬಣ್ಣದ ಆಕಾಶ. ಬಳ್ಳಾರಿ ಬಿಸಿಲನ್ನು ಎಲ್ಲಿಂದ ತರಲಿ?

ಶುಕ್ರವಾರ, ಸೌನಾ

ಬೆಳಿಗ್ಗೆ ಕಾಫಿ ಕುಡಿಯುತ್ತ ಐನೊಗೆ ಬಂಡಿಗಾಲಿಯ ವಿಷಯ ಹೇಳಿದೆ. ಕಾಗದದ ಮೇಲೆ ಗಾಲಿ, ಪಟ್ಟಿ, ಬೆಂಕಿ ಬರೆದು ತೋರಿಸಿದೆ. ನನ್ನ ಊರಿನ ಬಿಸಿಲು ನಲವತ್ತು, ನಲವತ್ತೆರಡು ಡಿಗ್ರಿ, ಸುತ್ತಲೂ ಸಮನಾಗಿ ಬೀಳುತ್ತದೆ, ಅಂಥ ಜಾಗ ಬೇಕು ಎಂದೆ. ಅವಳು ಬಟ್ಟಲು ಕೆಳಗಿಟ್ಟು ಮೊದಲ ಸಲ ಹಲ್ಲು ಬಿಟ್ಟು ನಕ್ಕಳು. ಒಳ್ಳೆಯ ಹಲ್ಲು, ಎಡಗಡೆ ಮೇಲೆ ಒಂದು ಕ್ಯಾಪು, ಅಂಚು ಸ್ವಲ್ಪ ದಪ್ಪ.

"ರತ್ನಾ, ಈ ದೇಶದಲ್ಲಿ ಪ್ರತಿ ಮನೆಯ ಹಿಂದೆಯೂ ಒಂದು ಬಳ್ಳಾರಿ ಇದೆ" ಎಂದಳು.

ಅವಳ ಹಿತ್ತಲಲ್ಲಿ ಒಂದು ಮರದ ಗೂಡು. ಒಳಗೆ ಒಲೆ, ಒಲೆಯ ಮೇಲೆ ಕಲ್ಲುಗಳು, ಮೆಟ್ಟಿಲ ಹಾಗೆ ಹಲಗೆಗಳು. ಅದೇ ಸೌನಾ. ಅಲ್ಲಿ ಕೂತು ಬೆವರುವುದು ಇವರ ವಾರದ ಅಭ್ಯಂಜನ. ದುಡ್ಡಿಲ್ಲದೆ, ಕಟ್ಟಿಗೆಯಿಲ್ಲದೆ, ವರ್ಷದಲ್ಲಿ ಎಂಟು ತಿಂಗಳು ನಾವು ಬೇಡಬೇಡವೆಂದರೂ ಸಿಗುವ ಸುಖ.

"ಎಂಬತ್ತಕ್ಕೆ ತರಲಾ?" ಎಂದಳು.

"ನಲವತ್ತೈದು ದಾಟಬಾರದು. ಮೇಣ ಇದೆ."

"ನಲವತ್ತೈದಕ್ಕೆ ನಾವು ಕಾಲುಚೀಲ ಒಣಗಿಸುತ್ತೇವೆ" ಎಂದು ಗೊಣಗುತ್ತ ಒಲೆ ಹೊತ್ತಿಸಿದಳು. ವಸ್ತ್ರ ಬಿಟ್ಟು ಕೂರುವುದು ಅಲ್ಲಿನ ರೂಢಿ. ನಾನು ಆಗಲ್ಲವೆಂದೆ. ಅವಳು ಒಂದು ದಪ್ಪ ಟವೆಲು ಸುತ್ತಿಕೊಂಡಳು, ನಾನು ಸೀರೆ, ರವಿಕೆ, ಅದರ ಮೇಲೆ ಸ್ವೆಟರು. ಹೀಗೆ ಇಬ್ಬರೂ ಹಲಗೆಯ ಮೇಲೆ ಕೂತೆವು, ನಡುವೆ ಡಬ್ಬಿ. ಗೋಡೆಯ ಮೇಲಿನ ಉಷ್ಣಮಾಪಕದ ಮುಳ್ಳು ಇಪ್ಪತ್ತರಿಂದ ಮೂವತ್ತಕ್ಕೆ, ಮೂವತ್ತೈದಕ್ಕೆ ಏರಿತು. ನಾನು ಸ್ವೆಟರು ತೆಗೆದೆ. ಮೂಗಿನಲ್ಲಿ ಒಣ ಕಟ್ಟಿಗೆಯ ಬಿಸಿ ವಾಸನೆ ಬಂತು, ನಮ್ಮ ಹಚ್ಚೊಳ್ಳಿಯ ಅಟ್ಟದ ವಾಸನೆ. ಮೂರು ದಿನದಿಂದ ಕುಗ್ಗಿಕೊಂಡಿದ್ದ ನನ್ನ ಹೆಗಲು ತಾನೇ ಇಳಿಯಿತು.

ಅವಳು ಇದ್ದಕ್ಕಿದ್ದಂತೆ ಮಾತಾಡಿದಳು. ಇವರು ಸೌನಾದೊಳಗೆ ಮಾತ್ರ ಮನಸ್ಸು ಬಿಚ್ಚುತ್ತಾರಂತೆ. ಬಸ್ಸು ಬಿಟ್ಟ ಮೊದಲ ವರ್ಷ ಅವಳ ಕನಸಿನಲ್ಲೆಲ್ಲ ನಿಲ್ದಾಣಗಳೇ ಬರುತ್ತಿದ್ದವಂತೆ, ಜನ ಕೈ ಮಾಡುತ್ತಿದ್ದರಂತೆ, ಬ್ರೇಕು ಸಿಗುತ್ತಿರಲಿಲ್ಲವಂತೆ. ತಾಮ್ರ ಬಡಿಯುವಾಗಲೂ ಬಲಗಾಲು ನೆಲ ಒತ್ತುತ್ತಿತ್ತಂತೆ. "ಈಗಲೂ ಒತ್ತುತ್ತದೆ" ಎಂದು ಕಾಲು ತೋರಿಸಿದಳು. ನಾನು ಉಗುರಿನಿಂದ ಲೋಟ ಸವರುವ ಕಥೆ ಹೇಳಿದೆ. ಇಬ್ಬರೂ ನಕ್ಕೆವು.

ಮುಳ್ಳು ನಲವತ್ತೊಂದಕ್ಕೆ ಬಂದಾಗ ಡಬ್ಬಿ ಎತ್ತಿಕೊಂಡೆ. ಒಳಗಿನವರೆಗೂ ಬೆಚ್ಚಗಾಗಿತ್ತು. ಬಿಸಿಲಲ್ಲಿ ನಿಲ್ಲಿಸಿದ ಸ್ಕೂಟರಿನ ಹ್ಯಾಂಡಲಿನ ಹಾಗೆ. ಮುಚ್ಚಳದ ಮೇಲೆ ಅಂಗೈ ಇಟ್ಟು ಮೆಲ್ಲಗೆ ತಿರುಗಿಸಿದೆ. ಸುಯ್ ಎಂದು ಸಣ್ಣ ಉಸಿರು ಬಿಟ್ಟು ಮುಚ್ಚಳ ಕೈಗೆ ಬಂತು. ಅವ್ವನ ಏಳು ಹಲ್ಲೂ ಇದ್ದಲ್ಲೇ ಇದ್ದವು, ಒಂದೂ ಅಲುಗಿರಲಿಲ್ಲ.

ನನಗೆ ಅಳು ಬಂತು. ಬೆವರಿನಲ್ಲಿ ಗೊತ್ತಾಗಲಿಕ್ಕಿಲ್ಲ ಎಂದುಕೊಂಡೆ. ಐನೊ ನೋಡಿಯೂ ನೋಡದವಳ ಹಾಗೆ, "ಈಗ ನಿಜವಾದ ಸೌನಾ ಮಾಡೋಣ" ಎಂದು ಡಬ್ಬಿಯನ್ನು ಹೊರಗಿಟ್ಟು, ಒಲೆಗೆ ಕಟ್ಟಿಗೆ ತುಂಬಿ, ಸ್ವಲ್ಪ ಹೊತ್ತಿಗೆ ಕಲ್ಲಿನ ಮೇಲೆ ಒಂದು ಚಂಬು ನೀರು ಸುರಿದಳು. ಆ ಹಬೆ ಮುಖಕ್ಕೆ ಬಡಿದದ್ದೇ ತಡ, ನಾನು ಬಾಗಿಲು ತಳ್ಳಿ ಹಿಮದಲ್ಲಿ ಬರಿಗಾಲಲ್ಲಿ ಓಡಿದೆ. ಬಳ್ಳಾರಿಯವಳು ಸೆಕೆಗೆ ಹೆದರಿ ಓಡಿದಳು ಎಂದು ಊರಲ್ಲಿ ಯಾರಿಗೂ ಹೇಳಬೇಡಿ.

ಬಿಚ್ಚಿದ್ದಾಯಿತು, ಇನ್ನು ಸಂದು ಬಿಡಬೇಕು. ಐನೊಳ ಕೆಲಸದ ಮನೆಯಲ್ಲಿ ಕೂತೆ. ನನ್ನ ಪರ್ಸಿನಲ್ಲಿ ಕುಂಕುಮದ ಡಬ್ಬಿ ಇರುತ್ತದೋ ಇಲ್ಲವೋ, ಲ್ಯಾಬಿನ ನೀಲಿ ಕಾಗದ ಇದ್ದೇ ಇರುತ್ತದೆ. ಹಲ್ಲು ಎಲ್ಲಿ ಎತ್ತರ ಕಚ್ಚುತ್ತದೆ ಎಂದು ನೋಡಲು ರೋಗಿಯ ಬಾಯಲ್ಲಿ ಇಟ್ಟು ಕಚ್ಚಿಸುವ ಕಾಗದ ಅದು. ಅದನ್ನು ಕಬ್ಬಿಣದ ಕೊರಳಿಗೆ ಸುತ್ತಿ ಮುಚ್ಚಳ ಒತ್ತಿದೆ. ತೆಗೆದರೆ ಹಿತ್ತಾಳೆಯ ಒಳಗೆ ಸುತ್ತಲೂ ನೀಲಿ. ಎಲ್ಲ ಕಡೆಯೂ ಸಮನಾಗಿ ಕಚ್ಚುತ್ತಿದೆ ಎಂದು ಅರ್ಥ. ಲ್ಯಾಬಿನಲ್ಲಾಗಿದ್ದರೆ ಕಣ್ಣಿಗೊತ್ತಿಕೊಂಡು ಡಬ್ಬಕ್ಕೆ ಹಾಕಿ ಕಳಿಸಿಬಿಡುತ್ತಿದ್ದೆ.

ಲೋಹ ಉಜ್ಜುವ ಅರ ಕೈಗೆ ತೆಗೆದುಕೊಂಡೆ. ಕೈ ಒಪ್ಪಲಿಲ್ಲ. ಚೆನ್ನಾಗಿ ಕೂತದ್ದನ್ನು ಬೇಕೆಂದೇ ಸಡಿಲ ಮಾಡುವುದು ನನ್ನ ಕೈಗೆ ಗೊತ್ತೇ ಇರಲಿಲ್ಲ. ಮೊದಲ ಎಳೆತಕ್ಕೆ ಹಲ್ಲು ಕಚ್ಚಿಕೊಂಡೆ. ಎರಡನೆಯದಕ್ಕೆ ಸ್ವಲ್ಪ ಸಲೀಸಾಯಿತು. ಆಮೇಲೆ ನೀಲಿ ಹೋಗುವ ತನಕ ಉಜ್ಜಿದೆ, ಮತ್ತೆ ಕಾಗದ ಹಾಕಿದೆ, ಮತ್ತೆ ಉಜ್ಜಿದೆ. ಕೊನೆಗೆ ಮುಚ್ಚಳ ಹಾಕಿ ಉಗುರಿನಿಂದ ಸವರಿದೆ. ಉಗುರು ಸಂದಿಗೆ ಬಿತ್ತು. ಹತ್ತೊಂಬತ್ತು ವರ್ಷ ಯಾವುದಕ್ಕೆ ಬೈಸಿಕೊಂಡಿದ್ದೆನೋ ಅದನ್ನು ನನ್ನ ಕೈಯಾರೆ ಮಾಡಿದ್ದೆ. ಡಬ್ಬಿಯನ್ನು ತೆಗೆದುಕೊಂಡು ಹೋಗಿ ಚಳಿ ಉಗ್ರಾಣದಲ್ಲಿಟ್ಟು, ಬಾಗಿಲು ಹಾಕಿಕೊಂಡು ಬಂದೆ.

ಶನಿವಾರ

ಬೆಳಿಗ್ಗೆ ಎದ್ದವಳೇ ಉಗ್ರಾಣಕ್ಕೆ ಓಡಿದೆ. ಡಬ್ಬಿ ಮಂಜಿನ ಹಾಗೆ ತಣ್ಣಗಿತ್ತು. ಎರಡು ಬೆರಳಿನಿಂದ ಎತ್ತಿದೆ, ಮುಚ್ಚಳ ಬಂತು. ಮತ್ತೆ ಮುಚ್ಚಿದೆ, ಮತ್ತೆ ಎತ್ತಿದೆ. ಐನೊ ಹಿಂದೆ ಬಂದು ನಿಂತಿದ್ದಳು. ಅವಳೂ ಒಮ್ಮೆ ಎತ್ತಿ ನೋಡಿ, ತಲೆಯಾಡಿಸಿ, ನನ್ನ ಹೆಸರಿನ ಚೀಟಿ ಮೇಜಿಗೆ ಅಂಟಿಸಿದಳು.

ಹನ್ನೆರಡಕ್ಕೆ ಜನ ಬಂದರು. ಇವರು ವಸ್ತುವನ್ನು ನೋಡುವ ರೀತಿಯೇ ಬೇರೆ. ನಮ್ಮಲ್ಲಾದರೆ ಅಯ್ಯ, ಆಹಾ, ಇದೇನ್ರಿ, ಎಷ್ಟು ದಿನ ಹಿಡೀತು ಎಂದು ಸುತ್ತಲೂ ಗದ್ದಲ. ಇಲ್ಲಿ ಎತ್ತುತ್ತಾರೆ, ತೆರೆಯುತ್ತಾರೆ, ನೋಡುತ್ತಾರೆ, ಮುಚ್ಚುತ್ತಾರೆ, ಹೋಗುತ್ತಾರೆ. ಯಾರಿಗೂ ಹಿಡಿಸಲಿಲ್ಲ ಎಂದುಕೊಂಡು ಒಂದು ತಾಸು ನಾನು ಸಣ್ಣಗಾಗಿ ನಿಂತಿದ್ದೆ. ಆಮೇಲೆ ಗಮನಿಸಿದೆ, ಹೋದವರು ಸುತ್ತು ಹೊಡೆದು ಮತ್ತೆ ಅದೇ ಮೇಜಿಗೆ ಬರುತ್ತಿದ್ದರು.

ಒಬ್ಬ ಅಜ್ಜಿ ಬಂದಳು. ನೂಲಿನ ಟೋಪಿ, ಕೈಯಲ್ಲಿ ಕೋಲು. ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದಳು. ತೋರುಬೆರಳಿನಿಂದ ಒಂದೊಂದು ಹಲ್ಲನ್ನೂ ಮುಟ್ಟಿ ಎಣಿಸಿದಳು. ಐನೊಗೆ ಏನೋ ಹೇಳಿದಳು, ಐನೊ ನನಗೆ ಹೇಳಿದಳು: "ನಿನ್ನ ತಾಯಿ ಪುಣ್ಯವಂತೆಯಂತೆ. ಇವರಿಗೆ ಉಳಿದದ್ದು ನಾಲ್ಕೇ ಅಂತೆ."

ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಹಲ್ಲುಸೆಟ್ಟು ಬರುವ ತನಕ ಅವ್ವ ನಗುತ್ತಿದ್ದದ್ದು ಹೀಗೆಯೇ. ಅಷ್ಟು ದೂರದ ದೇಶದಲ್ಲಿ ಅವ್ವನ ನಗು ಕಂಡು ನನ್ನ ಎದೆಯ ಮೇಲಿಂದ ಒಂದು ಕಲ್ಲು ಎತ್ತಿಟ್ಟಂತಾಯಿತು. ಅಜ್ಜಿ ಮುಚ್ಚಳ ಹಾಕಿದಳು, ಅದು ಕಟ್ ಎಂದು ಸಣ್ಣ ಸದ್ದು ಮಾಡಿ ಕೂತಿತು.

ಅಂದೇ ಮಧ್ಯಾಹ್ನ ಉಗ್ರಾಣದ ಎದುರಿನ ಬಸ್ ನಿಲ್ದಾಣದ ಹತ್ತಿರ ನಿಂತು ಡಾಕ್ಟರ್ ಸಾಹೇಬರಿಗೆ ಫೋನ್ ಮಾಡಿದೆ. ಮಾತು ಒಳಗೇ ತಾಲೀಮು ಮಾಡಿಕೊಂಡಿದ್ದೆ. "ಸರ್, ತಪ್ಪು ತಿಳೀಬ್ಯಾಡ್ರಿ. ನನ್ನ ಸ್ಟೂಲು ಬ್ಯಾರೇದವ್ರಿಗಿ ಕೊಟ್ಟುಬಿಡ್ರಿ. ನಾ ಇನ್ನ ಬರಂಗಿಲ್ಲ."

ಆ ಕಡೆ ನಗು. "ಕೊಟ್ಟು ಮೂರು ತಿಂಗಳಾತು ರತ್ನಮ್ಮ. ಕಂಪ್ಲಿ ಹುಡುಗಿ ಕುಂತು ಕೆಲಸ ಮಾಡ್ತಾಳ. ನಿಮಗ ಧೈರ್ಯ ಇರ್ಲಿ ಅಂತ ಖಾಲಿ ಐತಿ ಅಂದಿದ್ದೆ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇಲ್ಲದ ಸ್ಟೂಲಿಗೆ ಹೆದರಿ, ಇಲ್ಲದ ಸ್ಟೂಲನ್ನು ನೆಚ್ಚಿಕೊಂಡು ಇಷ್ಟು ದೂರ ಬಂದಿದ್ದೆನಲ್ಲ ಎಂದು ಆ ಚಳಿಯಲ್ಲಿ ಒಬ್ಬಳೇ ನಿಂತು ನಕ್ಕೆ. ಬಸ್ ನಿಲ್ದಾಣದಲ್ಲಿದ್ದವರು ಇನ್ನೊಂದು ಹೆಜ್ಜೆ ದೂರ ಸರಿದರು.

ಕುರುಗೋಡು

ಮೇ ತಿಂಗಳ ಮೊದಲ ಭಾನುವಾರ ಡಬ್ಬಿಯನ್ನು ತಾತನ ಹತ್ತಿರ ಒಯ್ದೆ. ಕುರುಗೋಡಿನ ಬೆಟ್ಟದ ಬಂಡೆಗಳು ಬೆಳಿಗ್ಗೆ ಒಂಬತ್ತಕ್ಕೇ ಕಾದು ಕೂತಿದ್ದವು. ಬಸ್ಸಿನಲ್ಲಿ ನನ್ನ ಒಂದು ಕಡೆ ಬುಟ್ಟಿ, ಇನ್ನೊಂದು ಕಡೆ ಯಾರದೋ ಮೊಣಕೈ. ಒಬ್ಬರೂ ದೂರ ಸರಿಯಲಿಲ್ಲ. ಹಾಯೆನ್ನಿಸಿತು.

ಕೊಟ್ಟಿಗೆಯಲ್ಲಿ ಒಬ್ಬ ಗಿರಾಕಿ ಕೂತಿದ್ದರು. ಎಮ್ಮಿಗನೂರಿನ ಕಡೆಯ ರೈತರು, ಕೈಯಲ್ಲಿ ನಾಲಗೆ ಕಳಚಿಬಿದ್ದ ಎತ್ತಿನ ಕೊರಳಗಂಟೆ. ತಾತ ಅವರನ್ನು ಕೂರಲು ಹೇಳಿ ನನ್ನ ಡಬ್ಬಿ ಇಸಕೊಂಡರು. ತೆಗೆಯಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಬಳ್ಳಾರಿಯ ಬಿಸಿಲಿಗೆ ಇನ್ನಷ್ಟು ಸಡಿಲಾದ ಮುಚ್ಚಳ ಕಟಕಟ ಸದ್ದು ಮಾಡಿತು. ಲ್ಯಾಬಿನಲ್ಲಿ ಈ ಸದ್ದು ಕೇಳಿದ್ದರೆ ನಾನು ನಾಚಿಕೆಯಿಂದ ತಲೆ ತಗ್ಗಿಸುತ್ತಿದ್ದೆ. ಈಗ ತಾತನ ಮುಖವನ್ನೇ ನೋಡುತ್ತ ನಿಂತೆ.

ತಾತ ಮತ್ತೊಮ್ಮೆ ಅಲ್ಲಾಡಿಸಿದರು, ಗಂಟೆ ಕೇಳುವವರ ಹಾಗೆ. ನಾನು ಮಾಡಿಕೊಟ್ಟ ಹಲ್ಲೆಲ್ಲ ಕಾಣುವಂತೆ ನಕ್ಕರು. ಡಬ್ಬಿಯನ್ನು ಗೂಡಿನಲ್ಲಿ, ತಮ್ಮ ಸಾಮಾನುಗಳ ಸಾಲಿನಲ್ಲೇ ಇಟ್ಟು, ಗಿರಾಕಿಯ ಕಡೆ ತಿರುಗಿದರು.

"ಆ ಗಂಟಿ ಈಯಮ್ಮನ ಕೈಯಾಗ ಕೊಡ್ರಿ" ಎಂದರು. "ಇವ್ರು ನಮ್ಮ ಕಂಚುಗಾರಮ್ಮ."

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಟೆ ಇಸಕೊಂಡೆ.